ಹದಿನೇಳನೆಯ ಲಾರಿ

ವೇದಿಕೆಯ ಮೇಲಿರುವ ಕಮಾಂಡರ್ ಸಾಹೇಬರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಯೋಜನಾ ವಿಭಾಗದ ಮುಖ್ಯಸ್ಥರೇ, ಸೈನಿಕ ಬಂಧುಗಳೇ, ವಸತಿಗೃಹಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದಿರುವ ಅಕ್ಕತಂಗಿಯರೇ, ಸಭಿಕರೇ,

ಬೀಳ್ಕೊಡುಗೆಯ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಎಂಟು ತಿಂಗಳ ಮಗಳು ನನ್ನನ್ನು ಸರಿಯಾಗಿ ಮಲಗಲು ಬಿಟ್ಟು ಆರು ವಾರವಾಯಿತು. ಮಾತು ನಾಲ್ಕಕ್ಕೆ ನಿಲ್ಲದಿದ್ದರೆ ತಪ್ಪು ಅವಳದು.

ಸಾರ್ ನನಗೆ ಕೆಲಸ ಕಲಿಸಿದವರು. ಅವರ ಕಪಾಟಿನಲ್ಲಿ ಎರಡು ಫೈಲುಗಳಿವೆ. ಕೆಂಪು ಫೈಲು ಗಡಿಯದು: ಹಿಮ ಕರಗಿ ಕಣಿವೆಯ ದಾರಿ ತೆರೆದರೆ ಕಾವಲಿಗೆ ಸೈನಿಕರನ್ನು ಹೊತ್ತು ನಲವತ್ತು ಲಾರಿ ಮೇಲಕ್ಕೆ. ನೀಲಿ ಫೈಲು ನೆರೆಯದು: ನದಿ ಉಕ್ಕಿದರೆ ಮನೆಮಂದಿಯನ್ನು ಕರೆತರಲು ನಲವತ್ತು ಲಾರಿ ವಸತಿಗೃಹಗಳಿಗೆ. ಪ್ರತಿ ವರ್ಷ ಎರಡನ್ನೂ ನಾನೇ ಟೈಪ್ ಮಾಡಿ, ಕೆಳಗೆ ‘ಬದಲಾವಣೆ ಇಲ್ಲ’ ಎಂದು ಬರೆಯುತ್ತೇನೆ. ಸಾರ್ ಸಹಿ ಹಾಕುತ್ತಾರೆ. ಆ ಸಹಿ ಎಷ್ಟು ಚೆಂದವೆಂದು ನಿಮಗೆಲ್ಲ ಗೊತ್ತು, ನಿಮ್ಮ ರಜೆ ಅರ್ಜಿಗಳ ಮೇಲೆ ಅದು ಬಿದ್ದದ್ದು ಅಪರೂಪವಾದರೂ!

ಹೆರಿಗೆ ರಜೆ ಮುಗಿಸಿ ಬಂದ ದಿನ, ನಮ್ಮ ಮನೆಯ ಸಾಲಿಗೆ ಯಾವ ಲಾರಿಯೆಂದು ನೀಲಿ ಫೈಲಿನಲ್ಲಿ ಹುಡುಕಿದೆ. ಹದಿನೇಳನೆಯದು. ಜೀವಕ್ಕೆ ಸಮಾಧಾನವಾಯಿತು, ಅದನ್ನು ಓಡಿಸುವವರು ನಮ್ಮ ಯಜಮಾನರೇ. ಮನೆಗೆ ಹೋಗಿ ಹೇಳಿದರೆ, ಅವರು ಮಗಳ ಬಟ್ಟೆ ಮಡಚುತ್ತಾ ನಕ್ಕುಬಿಟ್ಟರು. “ಅಯ್ಯೋ, ಹದಿನೇಳು ಗಡಿಗೆ ಹೋಗೋದು ಕಣೇ. ಮೊದಲನೇ ತಂಡದಲ್ಲೇ ನಾನಿದೀನಿ.”

ಮರುದಿನ ಎರಡೂ ಫೈಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ನಲವತ್ತಕ್ಕೆ ನಲವತ್ತೂ ಅವೇ ಲಾರಿಗಳು. ಐದು ವರ್ಷ ಅವನ್ನು ಟೈಪ್ ಮಾಡಿದ ಕೈಗಳು ಇವೇ.

ಸಾರ್ ಹತ್ತಿರ ಓಡಿದೆ. “ಏನಮ್ಮಾ, ಕಣಿವೆ ತೆರೆಯೋದು ಒಂದು ಕಾಲ, ನೆರೆ ಬರೋದು ಇನ್ನೊಂದು ಕಾಲ. ಎರಡೂ ಒಟ್ಟಿಗೆ ಬರಲ್ಲ. ಹೋಗು, ಸ್ವಲ್ಪ ನಿದ್ದೆ ಮಾಡು” ಎಂದರು.

ಬರುತ್ತಿರಲಿಲ್ಲ, ನಿಜ. ನಾನು ಕೆಲಸಕ್ಕೆ ಸೇರಿದಾಗ ಅವೆರಡರ ನಡುವೆ ಎರಡೂವರೆ ತಿಂಗಳ ಅಂತರವಿತ್ತು. ಆದರೆ ಸೆಕೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಹಿಮ ನಿಧಾನವಾಗಿ ಕರಗುವುದನ್ನೇ ಮರೆತು ಒಮ್ಮೆಲೇ ನದಿಗೆ ಇಳಿಯುತ್ತಿದೆ. ದಾರಿ ತೆರೆದದ್ದಕ್ಕೂ ನೆರೆ ಬಂದದ್ದಕ್ಕೂ ನಡುವೆ ಹೋದ ವರ್ಷ ಇದ್ದದ್ದು ಒಂಬತ್ತೇ ದಿನ. ಈ ವರ್ಷ ಎಷ್ಟು? ಎರಡು ಕಡೆಯಿಂದಲೂ ಕರೆ ಬಂದ ದಿನ ಹದಿನೇಳನೆಯ ಲಾರಿ ಯಾವ ಕಡೆ ತಿರುಗಬೇಕು? ಕಣಿವೆ ಕಾಯಬೇಕೇ, ಮಗಳನ್ನು ಎತ್ತಿಕೊಳ್ಳಬೇಕೇ?

ನೆನಪಿನ ಕಾಣಿಕೆ ಕೊಡುವ ಕೆಲಸವೂ ನನ್ನದೇ. ಗಡಿಯಾರ ಆ ಮೇಜಿನ ಮೇಲಿದೆ. ಪಕ್ಕದಲ್ಲಿರುವ ಹಾಳೆ ನಾನು ಟೈಪ್ ಮಾಡಿದ್ದು: ಎರಡೂ ಯೋಜನೆಗಳನ್ನು ಬೇರ್ಪಡಿಸಿ, ಇನ್ನೂ ನಲವತ್ತು ಲಾರಿ ಕೇಳಿ, ಕೆಳಗೆ ‘ಬದಲಾವಣೆ ಇದೆ’ ಎಂದು ಬರೆದಿದ್ದೇನೆ. ಹೊಸಬರು ಬಂದು ಕಪಾಟು ತೆರೆಯುವ ಹೊತ್ತಿಗೆ ಹಿಮ ಕರಗಿರುತ್ತದೆ. ಸಾರ್, ನಿಮ್ಮ ಸಹಿ ಐದು ಗಂಟೆಯವರೆಗೆ ನಡೆಯುತ್ತದೆ. ನಿಮ್ಮ ಗಡಿಯಾರದಲ್ಲಿ ಈಗ ನಾಲ್ಕೂ ಮುಕ್ಕಾಲು. ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಚಪ್ಪಾಳೆ ಈಗಲೇ ಬೇಡ. ಸಾರ್ ಸಹಿ ಹಾಕಲಿ, ಅಲ್ಲಿಯವರೆಗೆ ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.