ಆಕಳು ಹೊರಳಿ ನೋಡಿದ ಕಥಿ

ಗುಡ್ಡ ಇಳಿದು ಬಂದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಹೊಸಪೇಟೆಯಿಂದ ದಯಮಾಡಿಸಿದ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಂತಿರುವ ಹೊಸ ಮ್ಯಾನೇಜರ್ ಸಾಹೇಬರೇ — ಎಲ್ಲರಿಗೂ ಶರಣು. ಚೆನ್ನಬಸಮ್ಮಕ್ಕಾ, ನಮ್ಮನ್ನ ಬಿಟ್ಟು ಹೋದ ನಿಮ್ಮ ಯಜಮಾನರು ಉಜ್ಜಿನಪ್ಪ ಮೇಸ್ತ್ರಿ ಬಗ್ಗೆ ನಾಲ್ಕು ಮಾತು ಹೇಳಾಕ ನನ್ನ ನಿಲ್ಲಿಸ್ಯಾರ. ತಪ್ಪಿದ್ರ ಹೊಟ್ಟಿಗೆ ಹಾಕ್ಕೊಳ್ರಿ.

ನಾನು ಕೊಟ್ರಯ್ಯ. ಈ ಮ್ಯಾಂಗನೀಸ್ ಗುಡ್ಡದಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಜರಿ ಬರೆಯುವವನು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪ್ಲೇಗು ಬಂತು, ಸಾಲಿ ಮುಚ್ಚಿತು. ಸಾಲಿ ಮತ್ತ ತೆರೀತು, ನಾ ಹೋಗಲಿಲ್ಲ. ಅದಕ್ಕ ಈ ಕಾಗದ ಮೂರು ಸಲ ಹರಿದು ಬರೆದೀನಿ. ಈಗ ನೋಡಿದ್ರ ಅಕ್ಷರ ನಂಗ ತಿಳೀವಲ್ದು. ಇರ್ಲಿ — ಮಡಚಿ ಇಡ್ತೀನಿ.

ನಮ್ಮ ಉಜ್ಜಿನಪ್ಪ ಮೇಸ್ತ್ರಿ ಅವರ ಕೆಲಸ ಏನಿತ್ತು? ಆಳು ಕರೆತರೋದು, ಬಂದ ಆಳು ಓಡಿಹೋಗದಂಗ ನೋಡಿಕೊಳ್ಳೋದು, ಜಗಳ ಹರಿಸೋದು. ಬ್ಯಾರೆ ಮೇಸ್ತ್ರಿಗಳ ಕೈಯಾಗ ಬೆತ್ತ ಇತ್ತು. ಇವರ ಬಾಯಾಗ ಕಥಿ ಇತ್ತು. ಅದೂ ಪೂರ್ತಿ ಕಥಿ ಅಲ್ರಿ! ಕಡೀ ಮಾತು ಬಂತು ಅನ್ನೋವಾಗ ಹೆಗಲ ಮ್ಯಾಲಿನ ಟವೆಲ್ಲು ತೆಗೆದು ತೊಡಿ ಮ್ಯಾಲೆ ಹಾಕ್ಕೊಂಡು — ಹಿಂಗ — ಸುಮ್ಮನೆ ಕುಂದ್ರತಿದ್ದರು.

ಅಲ್ಲಿ ಹಿಂದ ನಿಂತಾನಲ್ಲ ಗುಡ್ಡಪ್ಪ, ಅವ ಆವಾಗ ಮ್ಯಾಲಿನಿಂದ ಕಲ್ಲು ಉರುಳಿಸೋವಾಗ ಕೆಳಗಿನವರು ಸರೀಲಿ ಅಂತ ಕೂಗು ಹಾಕ್ತಿರಲಿಲ್ಲ. ಮೇಸ್ತ್ರಿ ಬೈಲಿಲ್ಲ. ಅವಸರದಾಗ ಕಲ್ಲು ಉರುಳಿಸಿದವನ ಕಥಿ ಹೇಳಿದರು. ‘ಆ ಕಲ್ಲು ಉರುಳ್ತಾ ಉರುಳ್ತಾ ಹೋತು...’ ಅಂದು ಟವೆಲ್ಲು ತೊಡಿ ಮ್ಯಾಲೆ. ಎರಡು ದಿನ ಬಿಟ್ಟು ಗುಡ್ಡಪ್ಪ ಬಂದ — ‘ಮೇಸ್ತ್ರಿ, ಆ ಕಲ್ಲು ಅವನ ತಮ್ಮಗ ಬಡೀತು, ಹೌದಲ್ಲೋ?’ ಇವರು — ‘ನಂಗೇನು ಗೊತ್ತಲೇ? ತಮ್ಮನ್ನ ತಂದವ ನೀನು!’ ಅವತ್ತಿಂದ ಗುಡ್ಡಪ್ಪನ ಕೂಗು ಸಂಡೂರು ಪ್ಯಾಟಿಗೂ ಕೇಳ್ತದ. ನಗ್ರಿ, ನಗ್ರಿ. ಅವರಿದ್ದಿದ್ರ ಮೊದಲು ನಗ್ತಿದ್ದವರು ಅವರ.

ಈಗ ದೊಡ್ಡ ಕಥಿ. ಹತ್ತೊಂಬತ್ತು ವರ್ಷದ ಹಿಂದಿನದು.

ನಮ್ಮ ಕೂಲಿ ಹೆಣ್ಣಾಳು ಹೊನ್ನೂರಮ್ಮ ಗಿಡಕ್ಕ ಸೀರಿ ಕಟ್ಟಿ ಕೂಸು ಮಲಗಿಸಿದ್ದಳು. ಒಂದು ಕಲ್ಲು ಬಂತು — ಜೋಳಿಗಿಗೆ ಒಂದು ಗೇಣು ದೂರ! ಕೂಸು ಉಳೀತು. ಆಗಿನ ಮ್ಯಾನೇಜರ್ ಬಿಳಿ ದೊರೆ ಹೆದರಿದ, ಮರುದಿನವೇ ಹುಕುಂ ಮಾಡಿದ: ಕೂಸಿದ್ದ ಹೆಂಗಸರು ಇನ್ನು ಗುಡ್ಡ ಹತ್ತೋದು ಬ್ಯಾಡ. ಮೂವತ್ತೊಂದು ಮಂದಿ. ಅವರ ಹೆಸರಿನ ಮುಂದ ಗೀಟು ಎಳೆಯಬೇಕಾದವ ನಾನು. ಪೆನ್ಸಿಲ್ಲು ಎರಡು ಸಲ ಮುರೀತು.

ಮೇಸ್ತ್ರಿ ಅಂದರು — ‘ನಡಿ ಕೊಟ್ರಯ್ಯ, ದೊರೆ ಹತ್ರ. ನಾ ಕಥಿ ಹೇಳ್ತೀನಿ, ನೀ ಇಂಗ್ಲಿಷಿನಾಗ ಹೇಳು.’

‘ಅಣ್ಣಾ, ನಾ ಇಂಗ್ಲಿಷು ಕಲ್ತಿದ್ದು ಹೊಸಪೇಟೆ ಸ್ಟೇಷನ್ನಿನಾಗ ಮೂಟೆಗೆ ಚೀಟಿ ಅಂಟಿಸಿ! ಕಥಿ ಕೆಡ್ತದ, ನಿಮ್ಮ ಕೆಲಸನೂ ಹೋಗ್ತದ.’

‘ಮೂಟೆಗೆ ಸಾಕಾಗಿದ್ದು ನನ್ನ ಕಥಿಯಾಗಿನ ಆಕಳಿಗೆ ಸಾಕಾಗಂಗಿಲ್ಲೇನು? ನಡೀಲೇ.’

ಒಳಗ ಹೋದ್ವಿ. ಮೂವತ್ತೊಂದು ಮಂದಿ ಕೂಸು ಎತ್ತಿಕೊಂಡು ಬಾಗಿಲ ಹೊರಗ ನಿಂತರು. ಮೇಸ್ತ್ರಿ ಶುರು ಮಾಡಿದರು — ಒಬ್ಬ ಕಂಪ್ಲಿ ಸಂತಿಯಾಗ ಆಕಳು ಕೊಂಡ. ಕರು ಅಡಚಣಿ ಅಂತ ಅಲ್ಲೇ ಬಿಟ್ಟ. ತನ್ನೂರು ಮಲಪನಗುಡಿಗೆ ಹೊಡಕೊಂಡು ಹೊಂಟ. ಆಕಳು ಹತ್ತು ಹೆಜ್ಜಿ ಇಟ್ಟು ನಿಂತು ಹೊರಳಿ ನೋಡಿತು. ಮತ್ತ ಹತ್ತು ಹೆಜ್ಜಿ, ಮತ್ತ ಹೊರಳಿ ನೋಡಿತು. ‘ಅವ ಏನು ಮಾಡಬೇಕು, ದೊರೆ?’

ನಾನು ಇಂಗ್ಲಿಷಿನಾಗ ಹೇಳಿದೆ. ದೊರೆ ಏನಂದ ಗೊತ್ತೇನ್ರಿ? ‘ಹೊಡೀಬೇಕು.’

ಮುಗೀತು ಅನ್ಕೊಂಡೆ. ಮೇಸ್ತ್ರಿ ಶಾಂತವಾಗಿ — ‘ಆಗ್ಲಿ, ಹೊಡದ.’ ಅಷ್ಟಂದು ತಾವೇ ಆಕಳಾಗಿ ಆ ಕೋಣಿಯಾಗ ನಡೆದರು. ಒಂದು, ಎರಡು, ಮೂರು... ಹತ್ತು ಹೆಜ್ಜಿ. ನಿಂತರು. ಕುತ್ತಿಗಿ ಹೊರಳಿಸಿದರು — ಹಿಂಗ — ಬಾಗಿಲ ಕಡೆ. ಹಂಗೇ ನೋಡ್ತಾ ನಿಂತರು. ದೊರೆ ಇವರನ್ನ ನೋಡಿದ. ಇವರ ಕಣ್ಣು ಹೋದಲ್ಲಿ ಅವನ ಕಣ್ಣೂ ಹೋತು. ಬಾಗಿಲಾಗ ಮೂವತ್ತೊಂದು ಕೂಸು!

ಆ ಹೊತ್ತಿಗೆ ತರ್ಜುಮಿ ಬೇಕಾಗಲಿಲ್ಲರೀ. ಬೇಕಾಗಲೇ ಇಲ್ಲ.

ಕಡೀಕ ದೊರೆ ಅಂದ — ‘ಕರುನೂ ತರಬೇಕು.’ ನಾನು ಕೂಗಿ ಹೇಳಿದೆ ನೋಡ್ರಿ! ಹೊರಗ ಕೇಕೆ ಎದ್ದಿತು. ಹೊನ್ನೂರಮ್ಮ ಮಾತ್ರ ಸೆರಗು ಕಟ್ಟಿ ಬಂದಳು — ‘ನಮ್ಮನ್ನ ಆಕಳ ಮಾಡಿದಿ ಏನೋ ಮೇಸ್ತ್ರಿ?’ ‘ಇಲ್ಲಬೇ, ಆಕಳು ಹಾಯಂಗಿಲ್ಲ, ನೀ ಹಾಯ್ತಿ!’

ಮೂವತ್ತೊಂದು ಮಂದಿನೂ ಕೆಲಸಕ್ಕ ಮರಳಿದರು. ಎಂಟು ದಿನದಾಗ ಕೂಸುಗಳಿಗೆ ಚಪ್ಪರ ಎದ್ದಿತು, ಕಲ್ಲು ಮುಟ್ಟದ ಜಾಗದಾಗ, ಎಳೇವಕ್ಕ ಹನ್ನೆರಡು ತೊಟ್ಟಿಲು, ಉಳಿದವಕ್ಕ ಚಾಪಿ. ಎರ್ರೆಮ್ಮಜ್ಜಿ ಕಾವಲು. ಹತ್ತೊಂಬತ್ತು ವರ್ಷ, ಒಂದು ಕೂಸಿಗೂ ಒಂದು ಗಾಯ ಇಲ್ಲ. ಒಂದೂ ಇಲ್ಲ! ಆ ತೊಟ್ಟಿಲಾಗ ಬೆಳೆದವರು ಕೈ ಎತ್ರಿ ನೋಡೋಣ... ಚೆನ್ನಬಸಮ್ಮಕ್ಕಾ, ಕಣ್ಣು ಒರಸ್ಕೊಂಡು ಎಣಿಸ್ರಿ. ಇದು ನಿಮ್ಮ ಯಜಮಾನರ ಗೆಲುವು.

ಹೋದ ವಾರ ಆಫೀಸಿನಿಂದ ಒಂದು ಕಾಗದ ಬಂದದ — ಬರೋ ಸೋಮವಾರದಿಂದ ತೊಟ್ಟಿಲ ಚಪ್ಪರ ಮಷೀನಿನ ಸಾಮಾನಿಗೆ ಬೇಕು ಅಂತ. ಹಾಸಿಗಿ ಹಿಡಿದಿದ್ದ ಮೇಸ್ತ್ರಿಗೆ ಓದಿ ಹೇಳಿದವ ನಾನು. ಟವೆಲ್ಲು ನನ್ನ ಕೈಗೆ ಕೊಟ್ಟರು. ಮಂಗಳವಾರ ಹೋದರು.

ಆ ಕಾಗದದ ಬಗ್ಗೆ ನಾ ಮಾತಾಡಂಗಿಲ್ಲ. ನನಗ ಭಯ ಭಾಳ, ಎಲ್ಲರಿಗೂ ಗೊತ್ತು. ನಾ ಕಥಿ ಹೇಳಿದೆ ಅಷ್ಟ. ಹೊಸ ಸಾಹೇಬರು ಬಳ್ಳಾರಿಯವರು, ಕನ್ನಡ ನಮಗಿಂತ ಚಂದ ಬಲ್ಲವರು — ಇವತ್ತು ತರ್ಜುಮಿಯವನ ಹಂಗಿಲ್ಲ.

ಟವೆಲ್ಲು ಇಲ್ಲೈತಿ. ಮೇಜಿನ ಮ್ಯಾಲೆ ಇಡ್ತೀನಿ.

ಎಲ್ಲರೂ ಏಳ್ರಿ. ಸಾಹೇಬರೇ, ತಾವೂ ದಯಮಾಡಿ. ಉಜ್ಜಿನಪ್ಪ ಮೇಸ್ತ್ರಿ ಸಲುವಾಗಿ ಒಂದು ಸಲ ಕುತ್ತಿಗಿ ಹೊರಳಿಸಿ ಆ ಚಪ್ಪರದ ಕಡೆ ನೋಡ್ರಿ. ಮಾತು ಬ್ಯಾಡ. ಹಂಗೇ ನೋಡ್ತಾ, ಎರಡು ನಿಮಿಷ — ಸುಮ್ಮನೆ ನಿಲ್ಲೋಣ.