ನೀಲಮ್ಮ ಬೇಡವೆಂದ ತಂತ್ರಾಂಶ

ಒಂದು ಪೇಟೆಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇತ್ತು, ತಾಯಂದಿರೇ. ಅಲ್ಲಿ ನೀಲಮ್ಮ ಎಂಬ ಹಿರಿಯ ಟೀಚರ್. ಸನ್ನೆ ಭಾಷೆಯಲ್ಲಿ ಅವಳು ಕತೆ ಹೇಳತೊಡಗಿದರೆ ಮಕ್ಕಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಎಲ್ಲವೂ ಇತ್ತು ಅವಳಿಗೆ, ನೆಮ್ಮದಿ ಇರಲಿಲ್ಲ. ಯಾಕೆ? ಅವಳ ಕೈಕೆಳಗೇ ಪಳಗಿದ ಶಶಿಕಲಾ ಪಕ್ಕದೂರಿನ ಶಾಲೆ ಸೇರಿ ಹೆಸರು ಮಾಡಿದ್ದಳು. ಯಾರಾದರೂ ಶಶಿಕಲಾಳನ್ನು ಹೊಗಳಿದರೆ ನೀಲಮ್ಮನಿಗೆ ಸಹಿಸಲಾಗುತ್ತಿರಲಿಲ್ಲ.

ಆ ವರ್ಷ ಹಳ್ಳಿಯ ಮಕ್ಕಳಿಗಾಗಿ ಆನ್‌ಲೈನ್ ಪಾಠದ ವೆಬ್‌ಸೈಟ್ ಮಾಡಬೇಕೆಂದು ಶಾಲೆಯವರು ನಿಶ್ಚಯಿಸಿದರು. ಯಾವ ತಂತ್ರಾಂಶದ ಮೇಲೆ ಅದನ್ನು ಕಟ್ಟುವುದು? ಆರಿಸುವ ಕೆಲಸ ನೀಲಮ್ಮನ ಪಾಲಿಗೆ ಬಂತು. ಒಂದೊಂದನ್ನೇ ತೆರೆದು ನೋಡಿದಳು. ಓಪನ್ ಸೋರ್ಸ್ ತಂತ್ರಾಂಶವೊಂದು ಬಹಳ ಹಿಡಿಸಿತು. ಓಪನ್ ಸೋರ್ಸ್ ಎಂದರೆ, ನೋಡಿ, ಅದರ ಒಳಗುಟ್ಟೆಲ್ಲ ಬಯಲಿನಲ್ಲಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಬಹುದು. ಸನ್ನೆ ಪಾಠಕ್ಕೆಂದೇ ಯಾರೋ ಅದನ್ನು ಹದಗೊಳಿಸಿದ್ದರು. ನೆಟ್‌ವರ್ಕ್ ಸರಿಯಿಲ್ಲದ ಕಡೆಯೂ ಪಾಠ ಮೊದಲೇ ಮೊಬೈಲಿಗೆ ಇಳಿದು ತಡೆಯಿಲ್ಲದೆ ನಡೆಯುತ್ತಿತ್ತು. ಯಾರು ಈ ಪುಣ್ಯಾತ್ಮರು ಎಂದು ಪುಟದ ಕೆಳಗೆ ನೋಡಿದಳು. ಶಶಿಕಲಾ.

ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ತನ್ನ ಪಾಠದ ಕೆಳಗೆ ಅವಳ ಹೆಸರೇ? ಮರುದಿನ ಸಭೆಯಲ್ಲಿ, "ಪುಕ್ಕಟೆ ಸಿಗೂದು ಎಷ್ಟ್ ದಿನ ಬಾಳಿಕಿ ಬರ್ತೈತ್ರಿ? ಅದು ಬ್ಯಾಡ," ಎಂದಳು. ಕಂಪನಿಯೊಂದರ, ಒಳಗುಟ್ಟು ಮುಚ್ಚಿಟ್ಟ ತಂತ್ರಾಂಶವನ್ನು ಆರಿಸಿದಳು. ಅದು ಹೊಟ್ಟೆಕಿಚ್ಚಿನ ಮಾತೆಂದು ಯಾರಿಗೂ ಗೊತ್ತಾಗಲಿಲ್ಲ. ಜಾಣತನದ ಮಾತಿನಂತೆಯೇ ಕೇಳಿಸಿತು.

ಪಾಠಗಳು ಶುರುವಾದವು. ಕೆಲವು ವಾರಗಳ ಮೇಲೆ ಹಳ್ಳಿಯ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಳು.

"ಟೀಚರ್, ನೀವು ಕೈ ಎತ್ತೂದ್ರಾಗ ನೆಟ್‌ವರ್ಕ್ ಹೋಗಿ ವಿಡಿಯೋ ನಿಂತ್ ಬಿಡ್ತೈತ್ರಿ. ಇಕಿ ಹಂಗ ಕಲತಾಳ್ರಿ."

ಹುಡುಗಿ 'ಅವ್ವ' ಎಂಬ ಸನ್ನೆ ಮಾಡಿ ತೋರಿಸಿದಳು. ಕೈ ಅರ್ಧಕ್ಕೆ ಬಂದು ಗಾಳಿಯಲ್ಲೇ ನಿಂತಿತು. ಅಷ್ಟೇ ಪೂರ್ತಿ ಎಂದುಕೊಂಡು, ಟೀಚರ್ ಮೆಚ್ಚುತ್ತಾಳೆಂದು ನಗುತ್ತಾ ಕಾದಳು.

ಪಾಠ ಮೊದಲೇ ಮೊಬೈಲಿಗೆ ಇಳಿಯುವಂತೆ ಮಾಡಿಕೊಡಿ ಎಂದು ಕಂಪನಿಯವರನ್ನು ಕೇಳಿದರೆ, ಒಬ್ಬರಿಗಾಗಿ ಬದಲಾಯಿಸಲು ಬರುವುದಿಲ್ಲ ಎಂದರು. ತಿದ್ದೋಣವೆಂದರೆ ಒಳಗೆ ಕೈಹಾಕಲು ದಾರಿಯಿಲ್ಲ. ಕೊನೆಗೆ ನೀಲಮ್ಮ ಶಶಿಕಲಾಳಿಗೆ ಫೋನ್ ಮಾಡಿದಳು.

"ನೀ ಮಾಡೀಯಲ್ಲ, ಆ ತಂತ್ರಾಂಶ ನಮಗ ಕೊಡ್ತಿಯೇನು?"

"ನಾ ಕೊಡೂದೇನೈತಿ, ನೀಲಕ್ಕಾ? ಯಾರರ ತಗೋಬಹುದು. ನನ್ನ ಕೇಳೂದೂ ಬೇಕಾಗಿರ್ಲಿಲ್ಲ."

ನೀಲಮ್ಮನಿಗೆ ಇನ್ನಷ್ಟು ಉರಿಯಿತು. ಶಶಿಕಲಾ ಒಂದು ಸೊಕ್ಕಿನ ಮಾತಾಡಿದ್ದರೆ ದ್ವೇಷಿಸಲು ಆಸರೆಯಾದರೂ ಸಿಗುತ್ತಿತ್ತು. ಆ ಉರಿಯನ್ನು ಇಟ್ಟುಕೊಂಡೇ ಪಾಠಗಳನ್ನೆಲ್ಲ ಓಪನ್ ಸೋರ್ಸ್ ತಂತ್ರಾಂಶಕ್ಕೆ ಸಾಗಿಸಿದಳು. ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಕೈ ಹಿಡಿದು ಸನ್ನೆಯನ್ನು ಪೂರ್ತಿ ಮಾಡಿಸಿದಳು. ಪುಟದ ಕೆಳಗಿದ್ದ ಶಶಿಕಲಾಳ ಹೆಸರನ್ನು ಅಳಿಸಲಿಲ್ಲ.

ಈಗ ನೀವು ಹೇಳಿ. ಹೊಟ್ಟೆಕಿಚ್ಚು ಪಟ್ಟವಳು ನೀಲಮ್ಮ. ಅದನ್ನು ಅನುಭವಿಸಿದವರು ಯಾರು?

ನಿಮ್ಮ ಮನೆಗೇ ಬರೋಣ. ಮಗುವಿಗೆ ಜ್ವರ ಬಿಡುತ್ತಿಲ್ಲ, ವಾರಗಿತ್ತಿ ಒಬ್ಬ ಒಳ್ಳೆಯ ಡಾಕ್ಟರ ಹೆಸರು ಹೇಳುತ್ತಾಳೆ. ಅವಳು ಹೇಳಿದಳು ಎಂಬ ಒಂದೇ ಕಾರಣಕ್ಕೆ ಬೇಡ ಅಂದಿದ್ದೀರೋ ಇಲ್ಲವೋ? ಹೊಟ್ಟೆಯ ಉರಿ ಇವತ್ತೇ ಆರಿಹೋಗಲಿ ಎಂದು ನಾನು ಹೇಳುವುದಿಲ್ಲ. ಆರಲಿಕ್ಕಿಲ್ಲ. ಉರಿಯುತ್ತಿರುವಾಗಲೇ ಮನೆಗೆ ಹೋಗಿ, ಅವಳಿಗೆ ಕೇಳಿಸುವಂತೆ, "ನೀ ಹೇಳಿದ್ದು ಖರೇ ಐತಿ" ಅನ್ನಿ. ಅಂದು, ಮಗುವನ್ನು ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.