ಕಾಳಿ ಅಳಿವೆಯಲ್ಲಿ ನಾಗಿ ಆಡಿದ ಮಾತು

ಕೊನೆಯ ಟೆಂಪೋ ಇಳಿದು ಇಬ್ಬರೂ ಬಾವಿಯ ಹತ್ತಿರ ಬಂದಾಗ ರಾತ್ರಿ ಒಂಬತ್ತೂವರೆ. ಮುಂದೆ ನಾಗಿ, ಹಿಂದೆ ಸೊಸೆ ನೀತಾ. ಭಾವಿಕೇರಿಯ ಆ ತಿರುವಿನಲ್ಲಿ ಬೀದಿದೀಪ ಇಲ್ಲ.

ಚಪ್... ಸರ್ರ್... ಚಪ್... ಸರ್ರ್...

ನಾಗಿ ನಿಂತಳು. ಸದ್ದೂ ನಿಂತಿತು. ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು... ಟಪ್.

"ಅತ್ತೆ..."

"ಸುಮ್ನೆ ನಡಿ."

"ನಮ್ಮ ಹಿಂದೆ ಯಾರೋ..."

"ತಿರುಗಬೇಡ ಅಂದೆ ಅಲ್ದಾ!"

ಆ ನಡಿಗೆ ನಾಗಿಗೆ ಗೊತ್ತಿತ್ತು. ಬಲಗಾಲು ಊರಿ ಎಡಗಾಲು ಎಳೆಯುವ ನಡಿಗೆ. ಬೋಟಿನ ಹಗ್ಗಕ್ಕೆ ಕಾಲು ಸಿಕ್ಕಿ ಪೆಟ್ಟಾದ ಮೇಲೆ ಅವಳ ಮಗ ತುಳಸಿದಾಸ ಹಾಗೆಯೇ ನಡೆಯುತ್ತಿದ್ದ. ಆದರೆ ತುಳಸಿದಾಸ ಎರಡು ವರ್ಷದ ಹಿಂದೆಯೇ ಕಾರವಾರದಲ್ಲಿ, ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ದೋಣಿ ಮಗುಚಿ ಹೋದವನು. ದೇಹ ಸಿಗಲಿಲ್ಲ.

ಇದು ಹೋದ ವರ್ಷ ನವೆಂಬರ್ ಒಂಬತ್ತು, ಭಾನುವಾರದ ಮಾತು. ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕಾರವಾರ ನೋಡಲೆಂದು ಹೊರಟಿದ್ದರು. ನೋಡುವುದು ನೆಪ. ನೀತಾಳಿಗೆ ಇಪ್ಪತ್ತೇಳು. ಅಮದಳ್ಳಿಯ ರೋಷನ ಎಂಬ ಎಲೆಕ್ಟ್ರಿಷಿಯನ್ ಅವಳನ್ನು ಮದುವೆಯಾಗಲು ಒಪ್ಪಿದ್ದ. ಆ ಗಂಡನ್ನು ಹುಡುಕಿದವಳು ಸ್ವತಃ ನಾಗಿ. ಕೇರಿಯವರು ಬಾಯಿಗೆ ಬಂದಂತೆ ಆಡಿದರೂ ಅವಳು ಜಗ್ಗಲಿಲ್ಲ.

ಒಂದೇ ಅಡ್ಡಿ. ಕೇರಿಯ ಹಿರಿಯ ಬೀರು ಹೇಳಿದ್ದ: "ದೇಹ ಸಿಗದವ ಇನ್ನೂ ಮೀನಿಗೆ ಹೋದವನೇ ನಾಗೀ. ಮನೆ ಅವನದು, ಹೆಂಡತಿಯೂ ಅವನವಳು. ಹೆತ್ತವಳು ಆ ನೀರಿನ ಮೇಲೆ ನಿಂತು 'ಹೋಗು' ಅನ್ನಬೇಕು. ಅದೊಂದೇ ಮಾತು. ಆಮೇಲೆ ಮದುವೆ."

ಕಡಲಿಗೆ ಇಳಿಯುವವನಿಗೆ ಆ ಮೀನುಗಾರರ ಮನೆಗಳಲ್ಲಿ ಯಾರೂ 'ಹೋಗು' ಅನ್ನುವುದಿಲ್ಲ. ನಾಗಿ ಹುಟ್ಟಿದಾಗಿನಿಂದ ಅಂದದ್ದಿಲ್ಲ. ಅದಕ್ಕೇ, ಕಾರವಾರದಲ್ಲಿ ರೋಷನನೂ ಜೊತೆಯಾದ ಮೇಲೆ, ಐದು ಗಂಟೆಯ ದೋಣಿವಿಹಾರಕ್ಕೆ ಮೂರು ಟಿಕೆಟ್ ತೆಗೆಸಿ, ಅಲ್ಲಿಯ ತನಕ ಊರು ಸುತ್ತುತ್ತ, ತುಟಿಯೊಳಗೇ ಆ ಮಾತು ಅಭ್ಯಾಸ ಮಾಡಿದಳು.

ದಿನವೇನೋ ಚೆನ್ನಾಗಿಯೇ ಕಳೆಯಿತು. ದಡದ ಮೇಲೆ ನಿಲ್ಲಿಸಿದ ಯುದ್ಧನೌಕೆ ಹತ್ತಿ ಇಳಿದರು.

"ಇಷ್ಟು ದೊಡ್ಡ ದೋಣಿ, ಒಂದು ಬಲೆ ಇಲ್ಲ!" ಅಂದಳು ನಾಗಿ.

"ಮಾವ್ಶಿ, ಇದು ಮೀನು ಹಿಡಿಯೂದಲ್ಲ," ಅಂದ ರೋಷನ.

"ಮತ್ತೆ ಎಂತಕ್ಕೆ ಸಮುದ್ರಕ್ಕೆ ಹೋಗೂದು?"

ನೀತಾ ನಕ್ಕಳು. ಎರಡು ವರ್ಷದಲ್ಲಿ ಅವಳ ನಗು ನಾಗಿ ಕೇಳಿದ್ದು ಅದೇ ಮೊದಲು. ಮಧ್ಯಾಹ್ನ ಮೀನೂಟ, ಆಮೇಲೆ ಬೀಚಿನ ಗಾಳಿಮರದ ನೆರಳು, ಐಸ್‌ಕ್ರೀಮು. ರೋಷನ ತನ್ನ ಕರವಸ್ತ್ರ ಹಾಸಿ ನೀತಾಳನ್ನು ಕೂರಿಸಿದ. ನಾಗಿ ಆ ಕಡೆ ಮುಖ ಮಾಡಿ ಕುಳಿತಳು. ಹೋಗು... ಹೋಗು... ಹೋಗು...

ದೋಣಿ ಅಳಿವೆಯ ಕಡೆ ತಿರುಗಿದಾಗ ಹೊತ್ತು ಮುಳುಗುತ್ತಿತ್ತು. ಎಂಜಿನ್ನಿನ ಗುಡುಗುಡು ನಿಂತಿತು. ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರು. ನಾಗಿ ಅಂಚಿಗೆ ಹೋಗಿ, ಸೆರಗಿನಿಂದ ಅಬ್ಬಲಿಗೆ ಹೂವಿನ ದಂಡೆ ತೆಗೆದು ನೀರಿಗೆ ಬಿಟ್ಟಳು. ನೀತಾ ಪಕ್ಕದಲ್ಲೇ ನಿಂತಿದ್ದಳು.

ದಂಡೆ ಒಂದು ಸುತ್ತು ತಿರುಗಿತು. ನಸುಕಿನಲ್ಲಿ ಬುತ್ತಿ ಹಿಡಿದು ಮೆಟ್ಟಿಲಿಳಿಯುವ ಹುಡುಗ ನಾಗಿಯ ಕಣ್ಣಿಗೆ ಬಂದ. ಬಾಯಿ ತಾನಾಗಿಯೇ ತೆರೆಯಿತು.

"ಹೋಗಿ ಬಾ, ಮಗಾ."

ನೀತಾ ಅತ್ತೆಯ ಮುಖ ನೋಡಿದಳು. ನಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದಂಡೆ ತೇಲುತ್ತ ಉಳಿಯಲೂ ಇಲ್ಲ, ಹರಿದು ಹೋಗಲೂ ಇಲ್ಲ... ಯಾರೋ ಕೆಳಗಿನಿಂದ ಎಳೆದ ಹಾಗೆ ಬುಳಕ್ ಎಂದು ಒಳಗೆ ಹೋಯಿತು.

ಮೂವರೂ ಬಸ್ಸು ಹತ್ತಿದರು. ರೋಷನ ಅಮದಳ್ಳಿಯಲ್ಲಿ ಇಳಿದ. ಅಂಕೋಲೆಯಿಂದ ಟೆಂಪೋ. ಆಮೇಲೆ ಆ ಬಾವಿ.

ಚಪ್... ಸರ್ರ್... ಚಪ್... ಸರ್ರ್...

ಅಲ್ಲಿಂದ ಮನೆ ಇನ್ನೂರು ಹೆಜ್ಜೆ. ನೀತಾ ಪಿಸುಗುಟ್ಟಿದಳು, "ಈಗಾದ್ರೂ ಹೇಳಿ ಅತ್ತೆ. 'ಹೋಗು' ಅನ್ನಿ. ನನಗೋಸ್ಕರ ಅನ್ನಿ."

ನಾಗಿ ಬಾಯಿ ತೆರೆದಳು. ಮಗನ ಉಸಿರು ಅಷ್ಟು ಹತ್ತಿರದಲ್ಲಿತ್ತು... ಮಾತು ಹೊರಡಲಿಲ್ಲ. ಸೊಸೆಯನ್ನು ಒಳಗೆ ನೂಕಿ ಬಾಗಿಲು ಹಾಕಿ ಚಿಲಕ ಜಡಿದಳು.

ಹೊರಗೆ ಮೆಟ್ಟಿಲ ಮೇಲೆ ನೀರು ಸುರಿಯಿತು. ಚೊರ್ರ್... ಒಂದು ಕಾಲಿಗೆ. ಚೊರ್ರ್... ಇನ್ನೊಂದು ಕಾಲಿಗೆ. ಆಮೇಲೆ ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿದ ಸದ್ದು. ಠಣ್.

ಕಾಲು ತೊಳೆದು ಚೊಂಬು ಬೋರಲು ಹಾಕುವುದು ತುಳಸಿದಾಸನ ರೂಢಿ. ಅವನು ಹೋದ ಮೇಲೆ ನಾಗಿ ಆ ಹಿತ್ತಾಳೆ ಚೊಂಬನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದಿದ್ದಳು. ಬೆಳಿಗ್ಗೆ ಅದು ಮೆಟ್ಟಿಲ ಮೇಲಿತ್ತು. ಟ್ರಂಕಿನ ಬೀಗ ಹಾಕಿದ ಹಾಗೇ ಇತ್ತು.

ಬೆಳಗಾಗುವ ಮೊದಲೇ ನೀತಾ ರೋಷನನಿಗೆ ಫೋನ್ ಮಾಡಿದಳು. "ಬರಬೇಡಿ. ಅವರು ಮನೆಗೆ ಬಂದಿದ್ದಾರೆ," ಅಂದು ಇಟ್ಟಳು.

ಆಮೇಲೆ ನಾಗಿ ಮೂರು ಸಲ ಕಾಳಿಗೆ ಹೋಗಿ ಬಂದಳು. ಮೂರು ಸಲವೂ ನಾಲಿಗೆ ಹೊರಳಲಿಲ್ಲ.

ನಂಬದವರು ಭಾವಿಕೇರಿಗೆ ಬರಲಿ, ನಮ್ಮ ಹಿಂದಿನ ಬೀದಿಯಲ್ಲೇ ನಾಗಿಯ ಮನೆ. ಮಳೆಯಿಲ್ಲದ ದಿನವೂ ಆ ಮೆಟ್ಟಿಲು ಬೆಳಿಗ್ಗೆ ಒದ್ದೆ ಇರುತ್ತದೆ. ನಾನೇ ಚೊಂಬು ಎತ್ತಿ, ಅದರಡಿಯ ನೀರಿಗೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟುಕೊಂಡು ನೋಡಿದ್ದೇನೆ. ಉಪ್ಪು.